ಪಕ್ಕದ ಮನೆಯ ನಾಯಿ

(ನರಗುಂದದಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಖನಿಜ ಮಿಶ್ರಣದ ಬಗ್ಗೆ ಮಾತನಾಡಬೇಕಾಗಿತ್ತು. ಅದರ ಟಿಪ್ಪಣಿ ಕಿಸೆಯಲ್ಲಿಯೇ ಇದೆ. ಆದರೆ ಸಭೆಗೆ ಮುಂಚೆ ಚಹಾ ಕುಡಿಯುತ್ತ ನಿಂತಾಗ ಒಬ್ಬ ತಾಯಿ ಹತ್ತಿರ ಬಂದು, “ಡಾಕ್ಟರ್ ಸಾಹೇಬ್ರ, ಎಮ್ಮಿಗೆ ಏನ್ ಹಾಕಬೇಕು ಅನ್ನೂದು ಆಮ್ಯಾಲೆ ಹೇಳ್ರಿ. ಮುಂಜಾನಿ ಹಾಲು ತಗೊಂಡು ಡೇರಿಗೆ ಹೋಗೂದ ಆಗವಲ್ದು. ಬಾಜೂ ಮನಿ ನಾಯಿ ಓಣ್ಯಾಗ ಹಾಯಗೊಡವಲ್ದು. ಅದಕ್ಕೇನರ ಔಷಧ ಐತೇನ್ರಿ?” ಎಂದು ಕೇಳಿದರು. ಸುತ್ತ ನಿಂತವರು ನಕ್ಕರು. ಆಕೆ ನಗಲಿಲ್ಲ. ಮೀನಗಂಡದ ಮೇಲಿನ ಗಾಯ ತೋರಿಸಿದರು. ಎರಡು ಹಲ್ಲು ಚೆನ್ನಾಗಿಯೇ ಇಳಿದಿದ್ದವು. ಮೇಲೆ ಅರಿಷಿಣ, ಸುಣ್ಣ ಹಚ್ಚಿದ್ದರು.

“ಯಾವಾಗ ಕಚ್ಚಿತು ತಾಯಿ?” ಎಂದೆ. “ನಾಕು ದಿನಾ ಆತ್ರಿ” ಎಂದರು. ಸೂಜಿ ಹಾಕಿಸಿಕೊಂಡಿರಾ ಎಂದು ಕೇಳಿದರೆ, “ಹುಚ್ಚುನಾಯಿ ಅಲ್ರಿ ಅದು, ಬಾಜೂ ಮನಿದು” ಎಂದರು.

ಆ ತಾಯಿಯನ್ನು ನಿಮ್ಮ ಸಂಘದ ಕಾರ್ಯದರ್ಶಿಯವರ ಮೋಟಾರು ಸೈಕಲ್ಲಿನ ಮೇಲೆ ಈಗ ತಾಲ್ಲೂಕು ಆಸ್ಪತ್ರೆಗೆ ಕಳಿಸಿದ್ದೇನೆ. ಅವರು ತಿರುಗಿ ಬರುವವರೆಗೆ ನನಗೆ ಬೇರೆ ಮಾತು ಹೊಳೆಯುವುದಿಲ್ಲ. ಆದ್ದರಿಂದ ಖನಿಜ ಮಿಶ್ರಣ ಇನ್ನೊಂದು ದಿನ. ಇವತ್ತು ಪಕ್ಕದ ಮನೆಯ ನಾಯಿಯ ವಿಚಾರ ಮಾತನಾಡೋಣ.

ಇದು ಹಾಲಿನವರ ವಿಚಾರವೇ. ಊರು ಮಲಗಿದಾಗ ಏಳುವವರು ನಾವು. ಕತ್ತಲಲ್ಲಿ ಕ್ಯಾನು ಹಿಡಿದು ಓಣಿಯಲ್ಲಿ ನಡೆಯುವವರು ನಾವು, ನಮ್ಮ ಹೆಣ್ಣುಮಕ್ಕಳು, ಸಾಲಿಗೆ ಹೋಗುವ ಮುಂಚೆ ಹಾಲು ಹಾಕಿ ಬರುವ ಹುಡುಗರು. ರಾತ್ರಿಯೆಲ್ಲ ಕಾವಲು ಕಾಯ್ದ ನಾಯಿಗೆ ಆ ಹೊತ್ತಿನಲ್ಲಿ ಬರುವವನು ಕಳ್ಳನೋ ಹಾಲಿನವನೋ ತಿಳಿಯುವುದಿಲ್ಲ. ಕೈಯಲ್ಲಿ ಕ್ಯಾನು ಖಣಖಣ ಅನ್ನುತ್ತದೆ, ಒಬ್ಬೊಬ್ಬರ ಕೈಯಲ್ಲಿ ಬಡಿಗೆಯೂ ಇರುತ್ತದೆ. ಸಂಜೆ ಮತ್ತೆ ಅದೇ ದಾರಿ. ವರ್ಷಕ್ಕೆ ಏಳುನೂರಕ್ಕಿಂತ ಹೆಚ್ಚು ಸಲ ಒಂದೇ ನಾಯಿಯ ಮುಂದೆ ಹಾಯುವವರು ಊರಲ್ಲಿ ನಮ್ಮನ್ನು ಬಿಟ್ಟರೆ ಯಾರಿದ್ದಾರೆ?

ನಾಯಿಯ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ನಾಡಿನಲ್ಲಿ ನಾಯಿಗೆ ಇರುವಷ್ಟು ಮರ್ಯಾದೆ ಬೇರೆ ಕಡೆ ಇದೆಯೋ ಇಲ್ಲವೋ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕಲ್ಲುಶಾಸನ ಸಿಕ್ಕಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಮಣಲೇರ ಎಂಬ ವೀರ ಯುದ್ಧದಲ್ಲಿ ಗೆದ್ದು ಬಂದಾಗ, ಏನು ಬೇಕೆಂದು ಕೇಳಿದರೆ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ. ಆ ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿದರು. ನಮ್ಮ ಕಡೆಗೆ ಬಂದರೆ ಮೈಲಾರಲಿಂಗನ ಒಕ್ಕಲಿನವರಿಗೆ ನಾಯಿ ದೇವರ ಸಂಗಾತಿ. ಗೊರವಯ್ಯಗಳು ನಾಯಿಯ ಹಾಗೆ ಬೊಗಳಿ ದೋಣಿಯಲ್ಲಿಯ ಹಾಲು, ಬಾಳೆಹಣ್ಣು ತಿನ್ನುವ ಸೇವೆಯನ್ನು ನೀವೆಲ್ಲ ನೋಡಿದ್ದೀರಿ. “ಮೈಲಾರಪ್ಪನ ನಾಯಿ ಐತಿ, ಬಡೀಬ್ಯಾಡ್ರಿ” ಎಂದು ನೆರೆಯವನು ಹೇಳಿದರೆ ಅದು ನೆಪವಲ್ಲ, ಭಕ್ತಿಯೂ ಇರುತ್ತದೆ. ಅವನ ಜೊತೆ ಮಾತನಾಡಲು ಹೋಗುವವರು ಇದನ್ನು ತಿಳಿದುಕೊಂಡು ಹೋಗಬೇಕು.

ನಾಯಿ ಯಾಕೆ ಹೀಗಾಗುತ್ತದೆ? ನನ್ನ ಅನುಭವದಲ್ಲಿ ನೂರಕ್ಕೆ ತೊಂಬತ್ತು ಪಾಲು ಮಾಲೀಕನ ಕೈಯಲ್ಲಿಯೇ ಹೀಗಾಗುತ್ತದೆ. ಹಗಲೆಲ್ಲ ಎರಡು ಮೊಳದ ಸರಪಳಿಯಲ್ಲಿ ಓಣಿಗೆ ಮುಖ ಮಾಡಿ ಕಟ್ಟುತ್ತಾರೆ. ಬಿಸಿಲಿಗೆ ನೆರಳಿಲ್ಲ, ನೀರಿನ ಬೋಗುಣಿ ಮಗುಚಿ ಬಿದ್ದಿರುತ್ತದೆ. ಹೋಗುವ ಬರುವ ಹುಡುಗರೆಲ್ಲ ಕಲ್ಲು ಒಗೆಯುತ್ತಾರೆ. ಅದು ಎಗರಿ ಎಗರಿ ಕುತ್ತಿಗೆ ಕೆತ್ತಿಸಿಕೊಳ್ಳುತ್ತದೆ. ಇಂಥ ನಾಯಿಯನ್ನು ರಾತ್ರಿ ಹತ್ತಕ್ಕೆ ಬಿಟ್ಟು, ಬೆಳಿಗ್ಗೆ ಎದ್ದಾಗ ಕಟ್ಟುತ್ತಾರೆ. ಇವರು ಏಳುವುದು ಏಳು ಗಂಟೆಗೆ, ನೀವು ಹಾಲು ಹಾಕುವುದು ಆರಕ್ಕೆ. ನಡುವಿನ ಒಂದು ತಾಸಿನಲ್ಲಿ ಎಲ್ಲ ಅನಾಹುತ ಆಗುತ್ತದೆ.

ಈಚೆಗೆ ಇನ್ನೊಂದು ಹವ್ಯಾಸ ಸೇರಿಕೊಂಡಿದೆ. ನಮಗೆ ಮುಧೋಳ ದೂರವೇನಲ್ಲ. ಅಲ್ಲಿಯ ಘೋರ್ಪಡೆ ಸಂಸ್ಥಾನಿಕರು ಬೆಳೆಸಿದ ಬೇಟೆನಾಯಿ ದೇಶಕ್ಕೆಲ್ಲ ಹೆಸರುವಾಸಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಬೀದರದ ಪಶುವೈದ್ಯ ವಿಶ್ವವಿದ್ಯಾಲಯದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಕೇಂದ್ರ ನಡೆಸುತ್ತಾರೆ. ಅಭಿಮಾನ ಪಡುವ ಸಂಗತಿ. ಆದರೆ ಅದು ಬಯಲಿನಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ನಾಯಿ. ಅದರ ಮರಿ ತಂದು ಅಂಗಳದ ಕಂಬಕ್ಕೆ ಕಟ್ಟಿದರೆ, ಸೈಕಲ್ಲು ಹೋದರೂ ಕರು ಓಡಿದರೂ ಅದಕ್ಕೆ ಮೊಲವೇ. ತಪ್ಪು ತಳಿಯದಲ್ಲ.

“ಬೊಗಳುವ ನಾಯಿ ಕಚ್ಚುವುದಿಲ್ಲ” ಎನ್ನುವ ಗಾದೆಯನ್ನು ನಂಬಬೇಡಿ. ಬೊಗಳಿಯೂ ಕಚ್ಚಿದ ನಾಯಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದೆರಡು ನನ್ನನ್ನೇ ಕಚ್ಚಿವೆ. ನಾಯಿ ಮೈಮೇಲೆ ಬಂದರೆ ಓಡಬೇಡಿ. ಓಡಿದವನನ್ನು ಅಟ್ಟುವುದು ಅದರ ಹುಟ್ಟುಗುಣ. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಬಡಿಗೆ ಎತ್ತಬೇಡಿ. ಸ್ವಲ್ಪ ಮಗ್ಗುಲಾಗಿ ನಿಂತು, ಕ್ಯಾನನ್ನು ನಿಮಗೂ ಅದಕ್ಕೂ ನಡುವೆ ಹಿಡಿದು, ಮೆಲ್ಲಗೆ ಹಿಂದೆ ಸರಿಯಿರಿ. ಕ್ಯಾನಿಗೆ ಕಚ್ಚಿದರೆ ಕಚ್ಚಲಿ, ಅದಕ್ಕೆ ಸೂಜಿ ಬೇಕಾಗಿಲ್ಲ. ಕೆಳಗೆ ಬಿದ್ದರೆ ಮುದ್ದೆಯಾಗಿ ಮುದುಡಿ ಕುತ್ತಿಗೆ, ಕಿವಿ ಎರಡೂ ಕೈಗಳಿಂದ ಮುಚ್ಚಿಕೊಳ್ಳಬೇಕು. ಇದನ್ನು ಮನೆಯ ಮಕ್ಕಳಿಗೆ ಒಂದು ಸಲ ಮಾಡಿ ತೋರಿಸಿರಿ. ಮರಿ ಹಾಕಿದ ಹೆಣ್ಣುನಾಯಿ ಇರುವ ಓಣಿಯನ್ನು ಕೆಲವು ವಾರ ಬಿಟ್ಟು ಸುತ್ತು ಹಾಕಿ ಹೋದರೂ ನಷ್ಟವಿಲ್ಲ.

ಇನ್ನು ನೆರೆಯವನ ಜೊತೆ ಮಾತು. ಎಲ್ಲ ಕೆಡುವುದೂ ಇಲ್ಲಿಯೇ, ಸರಿಯಾಗುವುದೂ ಇಲ್ಲಿಯೇ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನದೇ ತಪ್ಪು ಮೊದಲು ಹೇಳಿಬಿಡುತ್ತೇನೆ. ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಎದುರು ಮನೆಯ ನಾಯಿ ನನ್ನ ಮಗನ ಚಡ್ಡಿ ಹರಿಯಿತು. ನಾನು ಅಂಗಿ ಹಾಕಿಕೊಳ್ಳುವ ಪುರುಸೊತ್ತಿಲ್ಲದೆ ಬನಿಯನ್ನಿನಲ್ಲಿಯೇ ಹೊರಗೆ ಬಂದು, ಓಣಿಯವರೆಲ್ಲ ಕೇಳುವ ಹಾಗೆ ಕೂಗಾಡಿದೆ. “ನಾಯಿಗೆ ಡಾಕ್ಟರ್ ಆದವನು ನಾಯಿಗೆ ಅಂಜಿದಾ” ಎಂದು ಅವರು ನಕ್ಕರು. ಮರುದಿನದಿಂದ ಆ ನಾಯಿಯನ್ನು ಬೇಕೆಂದೇ ಬಿಡತೊಡಗಿದರು. ಎಂಟು ತಿಂಗಳು ಮಾತಿಲ್ಲ, ಕತೆಯಿಲ್ಲ. ಕೊನೆಗೆ ಅವರ ಮನೆಯ ಹಿರಿಯ ತಾಯಿ ಒಂದು ದಿನ ಆಕಳು ಈಯಲು ತ್ರಾಸು ಪಡುತ್ತಿದೆ ಎಂದು ಕರೆದರು. ಹೋದೆ. ಕರು ಹೊರಗೆ ಬಂತು, ಮಾತೂ ಹೊರಗೆ ಬಂತು. ಆಗ ಅವರ ಅಂಗಳದಲ್ಲಿ ನಿಂತು ನೋಡಿದರೆ ನಾಯಿಯ ಗೂಟ ಸರಿಯಾಗಿ ನನ್ನ ಮನೆಯ ಬಾಗಿಲಿಗೆ ಎದುರಾಗಿದೆ! ನಾವು ಬಾಗಿಲು ತೆಗೆದರೆ ಅದಕ್ಕೆ ಯುದ್ಧ. ಗೂಟ ಕಿತ್ತು ಹಿತ್ತಲ ಕಡೆಗೆ ಬೇವಿನ ಗಿಡದ ಬುಡಕ್ಕೆ ಹಾಕಿದರು, ಸರಪಳಿ ಉದ್ದ ಮಾಡಿದರು. ಹದಿನೈದು ದಿನದಲ್ಲಿ ಆ ನಾಯಿ ಅರ್ಧ ತಣ್ಣಗಾಯಿತು. ಎಂಟು ತಿಂಗಳು ಕೂಗಾಡಿ ಆಗದ್ದು ಒಂದು ಗೂಟ ಕಿತ್ತರೆ ಆಯಿತು.

ಅದಕ್ಕೇ ಹೇಳುತ್ತೇನೆ, ನಾಯಿ ಮೈಮೇಲೆ ಬಂದ ಗಳಿಗೆಯಲ್ಲಿ ಜಗಳ ತೆಗೆಯಬೇಡಿ. ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೂ ಬೇಡ. ಸಂಜೆ ಹಾಲು ಹಾಕಿ ಬಂದ ಮೇಲೆ, ಕೈಕಾಲು ತೊಳೆದುಕೊಂಡು, ಅವರ ಮನೆಗೇ ಹೋಗಿ. ಹೆಣ್ಣುಮಕ್ಕಳು ಹೋದರೆ ಆ ಮನೆಯ ಅವ್ವನ ಹತ್ತಿರ ಮೊದಲು ಮಾತನಾಡುವುದು ಒಳ್ಳೆಯದು. ಯಾಕೆಂದರೆ ನಾಯಿಗೆ ರೊಟ್ಟಿ ಹಾಕುವವಳು ಆಕೆ, ಅದು ಕೇಳುವುದೂ ಆಕೆಯ ಮಾತನ್ನೇ. “ಕಾಕಾ, ನಿಮ್ಮ ನಾಯಿ ಕೊಲ್ಲಿಸ್ರಿ” ಎಂದು ಸುರು ಮಾಡಿದರೆ ಕಾಕಾ ಮುಂದೆ ಕೇಳುವುದಿಲ್ಲ. “ಕಾಕಾ, ನಿಮ್ಮ ನಾಯಿ ಛಲೋ ಕಾಯ್ತೈತಿ, ಖರೆ. ಆದ್ರ ನಸುಕಿನ್ಯಾಗ ಹುಡುಗಿ ಹಾಲು ತಗೊಂಡು ಹಾಯ್ತಾಳ್ರಿ. ಐದಕ್ಕ ಒಂದೀಟು ಕಟ್ರಿ” ಎಂದರೆ ಕೇಳದವರು ಕಡಿಮೆ.

ಕೇಳುವಾಗಲೂ ಆಗುವಂಥದ್ದನ್ನೇ ಕೇಳಬೇಕು. ಹಾಲು ಹಾಕುವ ಎರಡು ಹೊತ್ತು ಕಟ್ಟಿರಲಿ. ಗೂಟ ಓಣಿಯ ಕಡೆಯಿಂದ ಒಳಗೆ ಹೋಗಲಿ, ಅಂಗಳಕ್ಕೆ ಒಂದು ತಟ್ಟಿಯ ಬಾಗಿಲಾಗಲಿ. ಮತ್ತು ಎಲ್ಲಕ್ಕಿಂತ ಮೊದಲು ಹುಚ್ಚುರೋಗದ ಲಸಿಕೆ ಆಗಲಿ. ನಾಯಿಮರಿಗೆ ಮೂರು ತಿಂಗಳಿಗೆ ಮೊದಲ ಸೂಜಿ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ಇನ್ನೊಂದು, ನಂತರ ವರ್ಷಕ್ಕೊಂದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಈ ರೋಗಕ್ಕೆ 1885ರಲ್ಲಿ ಮೊದಲು ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುತ್ತಾರೆ. “ನಡೀರಿ ಕಾಕಾ, ನಾನೂ ಬರ್ತೀನಿ, ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ಹೋಗೂಣು” ಎನ್ನಿ. ಅರ್ಧ ದಿನ ಕಳೆದರೂ ನಿಮ್ಮ ಮನೆಯ ಮಗುವಿನ ಜೀವಕ್ಕೆ ಹಾಕಿದ ಬೇಲಿ ಅದು. ಗಂಡುನಾಯಿ ಬೆದೆಯ ಕಾಲದಲ್ಲಿ ಊರೆಲ್ಲ ತಿರುಗಿ ಕಾದಾಡುವಂಥದ್ದಾದರೆ ಬೀಜ ತೆಗೆಸುವ ಮಾತನ್ನೂ ಡಾಕ್ಟರ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಸಿಟ್ಟಾದಾರು.

ಒಬ್ಬರ ಮಾತು ನಡೆಯದಿದ್ದರೆ ಆ ಓಣಿಯಿಂದ ಹಾಲು ಹಾಕುವ ಐದಾರು ಮನೆಯವರು ಕೂಡಿ ಹೋಗಿ. ಆಡಳಿತ ಮಂಡಳಿಯ ಒಬ್ಬ ಹಿರಿಯರನ್ನು ಕರೆದುಕೊಳ್ಳಿ. ನಾಯಿಯ ಮಾಲೀಕನೂ ಬಹಳ ಸಲ ನಮ್ಮ ಸಂಘದ ಸದಸ್ಯನೇ ಆಗಿರುತ್ತಾನೆ, ಅದೇ ತಕ್ಕಡಿಯ ಮುಂದೆ ಹಾಲು ಹಾಕಿ, ಅದೇ ಬಟವಾಡೆ ತೆಗೆದುಕೊಳ್ಳುವವನು. ಸಂಘಕ್ಕೆ ಬಂದಾಗ ಕಾರ್ಯದರ್ಶಿ ಒಂದು ಮಾತು ಹೇಳಿದರೆ ಅದಕ್ಕೆ ತೂಕ ಬೇರೆ.

ಇಷ್ಟಾದರೂ ಕೇಳದವರು ಇದ್ದೇ ಇರುತ್ತಾರೆ. ಅವರಿಗೆ ಕಾನೂನು ಇದೆ. ಸಾಕಿದ ಪ್ರಾಣಿಯನ್ನು ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದೇ 289ನೆಯ ಕಲಮಾಗಿತ್ತು, ದಂಡ ಸಾವಿರ ರೂಪಾಯಿ ಇತ್ತು. ಅಪಾಯಕಾರಿ ಪ್ರಾಣಿಯನ್ನು ಕಟ್ಟಿಡುವಂತೆ ಆದೇಶ ಕೊಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ, ಅಂದರೆ ನಮ್ಮ ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ, ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿ ಇದೆ. ಅರ್ಜಿಯಲ್ಲಿ ಯಾವ ದಿನ, ಯಾವ ಹೊತ್ತು, ಯಾರಿಗೆ ಕಚ್ಚಿತು, ಯಾರು ನೋಡಿದರು ಎಂಬುದನ್ನು ಬರೆದು ಆಸ್ಪತ್ರೆಯ ಚೀಟಿ ಹಚ್ಚಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ವಿಷದ ಮಾತು ಮಾತ್ರ ಬೇಡ. ಹಿಂದೆ ಕುಳಿತವರು ಯಾರೋ ಈಗ “ಒಂದು ರೊಟ್ಟಿ ಸಾಕು” ಎಂದಿರಿ, ನನಗೆ ಕೇಳಿಸಿತು. ಹತ್ತಿಗೆ ಹೊಡೆಯುವ ಎಣ್ಣೆಯನ್ನು ರೊಟ್ಟಿ, ಬೆಲ್ಲಕ್ಕೆ ಹಚ್ಚಿ ನೆರೆಯವನ ಬಣವಿಯ ಮಗ್ಗುಲಿಗೆ ಇಟ್ಟ ಒಬ್ಬ ಗೃಹಸ್ಥ ನನಗೆ ಗೊತ್ತು. ನಾಯಿ ಮೂಸಿ ಬಿಟ್ಟು ಹೋಯಿತು. ಹಗ್ಗ ಹರಿದುಕೊಂಡು ಬಂದ ಅವನದೇ ಮಣಕ ಬೆಲ್ಲದ ವಾಸನೆಗೆ ಬಂದು ತಿಂದಿತು. ನಾನು ಹೋಗುವ ಹೊತ್ತಿಗೆ ನೊರೆ ಸುರಿಸುತ್ತ ಅಡ್ಡ ಬಿದ್ದಿತ್ತು. ಗಬ್ಬದ ಮಣಕ, ಉಳಿಯಲಿಲ್ಲ. ಏನು ತಿಂದಿದೆ ಎಂದು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ, ಹೇಳುವ ಮೋರೆ ಎಲ್ಲಿತ್ತು? ಮೊದಲೇ ಹೇಳಿದ್ದರೆ ಉಳಿಸುತ್ತಿದ್ದೆನೇನೋ. ಯಾವುದೇ ಪ್ರಾಣಿಗೆ ವಿಷ ಹಾಕಿ ಕೊಂದರೆ ಐದು ವರ್ಷದವರೆಗೆ ಸಜೆ ಇದೆ. ಅದು ಅದೇ ನ್ಯಾಯ ಸಂಹಿತೆಯ 325ನೆಯ ಕಲಮು. ನಾಯಿ ಬಿಟ್ಟವನಿಗೆ ಆರು ತಿಂಗಳು, ವಿಷ ಇಟ್ಟವನಿಗೆ ಐದು ವರ್ಷ! ಯಾರು ಯಾರ ಮೇಲೆ ಕೇಸು ಹಾಕುತ್ತಾರೆ ನೋಡಿರಿ.

ಈಗ ಕಚ್ಚಿದ ಮೇಲಿನ ಮಾತು. ಇದೊಂದನ್ನು ದಯವಿಟ್ಟು ಮನೆಗೆ ಹೋಗಿ ಹೇಳಿ. ಕಚ್ಚಿದ ಕೂಡಲೆ ನಲ್ಲಿಯ ಕೆಳಗೆ ಗಾಯ ಹಿಡಿದು, ಬಟ್ಟೆ ಒಗೆಯುವ ಸಾಬೂನಾದರೂ ಸರಿ, ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಎಣಿಸಿ ಹದಿನೈದು ನಿಮಿಷ. ನಲ್ಲಿ ಇಲ್ಲದಿದ್ದರೆ ತಂಬಿಗೆಯಿಂದ ನೀರು ಸುರಿಯುತ್ತಲೇ ಇರಬೇಕು. ಹುಚ್ಚುರೋಗದ ವಿಷಾಣು ನಾಯಿಯ ಜೊಲ್ಲಿನಲ್ಲಿರುತ್ತದೆ, ಸಾಬೂನು ಅದನ್ನು ಅಲ್ಲಿಯೇ ಬಹಳಷ್ಟು ಕೊಲ್ಲುತ್ತದೆ. ಸುಣ್ಣ, ಖಾರಪುಡಿ, ಸೀಮೆಎಣ್ಣೆ, ಅರಿಷಿಣ, ಯಾವುದೂ ಬೇಡ. ಅವು ಗಾಯವನ್ನು ಕೆರಳಿಸುತ್ತವೆ, ಒಳಗಿನ ವಿಷಾಣುವಿಗೆ ಏನೂ ಮಾಡುವುದಿಲ್ಲ. ತೊಳೆದು ನೇರ ಆಸ್ಪತ್ರೆಗೆ. ಮಂತ್ರ ಹಾಕಿಸುವವರಿದ್ದರೆ ಸೂಜಿಯ ನಂತರ ಹಾಕಿಸಿಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ.

ಹಿರಿಯರು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಹೆದರುತ್ತಾರೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷವಾಯಿತು. ಈಗಿನದು ತೋಳಿಗೆ. ಮಾಂಸಕ್ಕೆ ಹಾಕುವುದಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೆಯ ದಿನ. ಚರ್ಮದ ಒಳಗೆ ಹಾಕುವುದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧ, ಇಮ್ಯುನೊಗ್ಲಾಬ್ಯುಲಿನ್ ಎಂಬುದು, ಹಾಕುತ್ತಾರೆ. ಅದನ್ನು ಕೇಳಿ ಹಾಕಿಸಿಕೊಳ್ಳಿ. ಗರ್ಭಿಣಿಯರಿಗೂ ಬಾಣಂತಿಯರಿಗೂ ಕೂಸುಗಳಿಗೂ ಈ ಲಸಿಕೆ ನಡೆಯುತ್ತದೆ. ಪಥ್ಯವಿಲ್ಲ, ಬದನೆಕಾಯಿ ತಿನ್ನಬಹುದು. ಎರಡು ಸೂಜಿಗೆ ಗಾಯ ಮಾಯಿತೆಂದು ಉಳಿದದ್ದು ಬಿಡಬಾರದು. ರೋಗದ ಲಕ್ಷಣ ಒಂದು ಸಲ ಕಾಣಿಸಿದರೆ, ನೀರಿಗೆ ಅಂಜುವುದು ಸುರುವಾದರೆ, ಮುಂದೆ ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಏನೂ ಮಾಡಲಾಗುವುದಿಲ್ಲ. ಅದಕ್ಕೇ ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರಿಗೆ ಬರುವ ಈ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು.

ಬಾಜೂ ಮನೆಯ ನಾಯಿ, ಹುಚ್ಚುನಾಯಿಯಲ್ಲ ಎನ್ನುವ ಮಾತಿಗೆ ಉತ್ತರ ಇಷ್ಟು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕು. ಹತ್ತು ದಿನ ಉಂಡು ತಿಂದು ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವಿಷಾಣು ಇರಲಿಲ್ಲವೆಂದು ಅರ್ಥ. ಆಗ ಉಳಿದ ಸೂಜಿಯ ವಿಚಾರ ಡಾಕ್ಟರು ಹೇಳುತ್ತಾರೆ. ಆದರೆ ನೋಡುತ್ತ ಕೂಡ್ರುವುದಲ್ಲ, ಮೊದಲ ದಿನವೇ ಸೂಜಿ ಸುರುಮಾಡಿ ನೋಡುವುದು. ಈ ಹತ್ತು ದಿನ ನಾಯಿಗೆ ಏನಾಯಿತೆಂಬ ಸುದ್ದಿ ನಿಮಗೆ ಯಾರಿಂದ ಬರಬೇಕು? ನೆರೆಯವನಿಂದಲೇ. ಮಾತು ಬಿಟ್ಟರೆ ಆ ಸುದ್ದಿ ಬರುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಹಳ್ಳಿಯಲ್ಲಿ ಎಮ್ಮೆ ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ನೀರು ಇಳಿಯವಲ್ಲದು ಎಂದು ಕರೆ ಬಂತು. ದಿನಕ್ಕೆ ಹತ್ತು ಲೀಟರು ಕೊಡುವ ಒಳ್ಳೆಯ ಎಮ್ಮೆ. ಮನೆಯವರು ಗಂಟಲಲ್ಲಿ ಗೋವಿನಜೋಳದ ತೆನೆ ಸಿಕ್ಕಿದೆಯೆಂದು ಅಣ್ಣ, ತಮ್ಮ ಇಬ್ಬರೂ ಬಾಯಲ್ಲಿ ಮೊಳಕೈವರೆಗೆ ಕೈ ಹಾಕಿ ನೋಡಿದ್ದರು. ನಾನೂ ತೋಳು ಮಡಚಿದ್ದೆ. ಅಷ್ಟರಲ್ಲಿ ಎಮ್ಮೆ ಒಮ್ಮೆ ಕೂಗಿತು. ಒಡಕು ದನಿ, ಕೊಡದೊಳಗಿಂದ ಬಂದ ಹಾಗೆ. ಹಿಂಗಾಲು ತೊಡರುತ್ತಿತ್ತು. ನಾನು ಕೈ ಹಿಂದಕ್ಕೆ ತೆಗೆದು, ಇದಕ್ಕೆ ನಾಯಿ ಕಚ್ಚಿತ್ತೇ ಎಂದು ಕೇಳಿದೆ. ಯಾರಿಗೂ ನೆನಪಿಲ್ಲ. ಮನೆಯ ಸಣ್ಣ ಹುಡುಗಿಯೊಬ್ಬಳು, “ಹಬ್ಬದ ಮುಂದ ಬಾಜೂದವರ ನಾಯಿ ಮೂತಿಗೆ ಹಿಡಿದಿತ್ತಲ್ಲ” ಎಂದಳು. ತಿಂಗಳೂವರೆ ಹಿಂದಿನ ಮಾತು. ಆ ನಾಯಿ ಎಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ, ಎರಡು ಮನೆಗಳಿಗೆ ಮಾತೇ ಇರಲಿಲ್ಲ. ನಾನೇ ಹೋಗಿ ಕೇಳಿದೆ. ಕಚ್ಚಿದ ಐದನೆಯ ದಿನ ನಾಯಿ ಸತ್ತಿತ್ತು. ರಾತ್ರಿ ಒಯ್ದು ಹೊಲದಲ್ಲಿ ಹೂಳಿದ್ದರು. ಹೇಳಿದರೆ ಎಮ್ಮೆಯ ದುಡ್ಡು ಕೇಳುತ್ತಾರೆ, ಮತ್ತೆ ಜಗಳ ಎಂದು ಸುಮ್ಮನಿದ್ದರಂತೆ.

ಆ ಒಂದು ಸುದ್ದಿ ಗೋಡೆ ದಾಟಿ ಬಂದಿದ್ದರೆ ಎಮ್ಮೆಗೆ ಸಮಯಕ್ಕೆ ಲಸಿಕೆ ಹಾಕಬಹುದಿತ್ತು. ಎಮ್ಮೆ ನಾಲ್ಕನೆಯ ದಿನ ಸತ್ತಿತು. ಅಣ್ಣ, ತಮ್ಮ, ಹಸಿ ಹಾಲು ಕುಡಿದಿದ್ದ ಮುದುಕ, ನಾಯಿ ಹೂಳಿದ ಇಬ್ಬರು, ಎಲ್ಲರೂ ಕೂಡಿ ಒಂಬತ್ತು ಜನ ಒಂದೇ ಟಂಟಂನಲ್ಲಿ ಆಸ್ಪತ್ರೆಗೆ ಹೋದರು. ಮಾತು ಬಿಟ್ಟ ಎರಡೂ ಮನೆಯವರು ಎದುರುಬದುರು ಕೂತುಕೊಂಡು! ಒಂಬತ್ತೂ ಜನ ಇವತ್ತಿಗೂ ಆರಾಮ ಇದ್ದಾರೆ.

ಆದ್ದರಿಂದ ನಿಮ್ಮ ದನಕ್ಕೆ ನಾಯಿ ಕಚ್ಚಿದರೆ ಅದರ ಗಾಯವನ್ನೂ ಹಾಗೆಯೇ ಸಾಬೂನು ಹಚ್ಚಿ ತೊಳೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಿ. ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ. ದನಗಳಿಗೂ ಕಚ್ಚಿದ ಮೇಲೆ ಹಾಕುವ ಲಸಿಕೆಯ ಸರಣಿ ಇದೆ, ಅದನ್ನು ಪೂರ್ತಿ ಹಾಕಿಸಬೇಕು. ದಿನಾಂಕ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ರೋಗ ಕಾಣಿಸಲು ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು, ನಿಮಗೆ ಮರೆತಿರುತ್ತದೆ. ದನ ಜೊಲ್ಲು ಸುರಿಸುತ್ತ ನುಂಗಲಾರದೆ ನಿಂತರೆ ಯಾವ ಕಾರಣಕ್ಕೂ ಬಾಯಲ್ಲಿ ಕೈ ಹಾಕಬೇಡಿ. ಅದರ ಹಾಲನ್ನು ಸಂಘಕ್ಕೆ ತರಬೇಡಿ, ಮನೆಯಲ್ಲಿಯೂ ಕುಡಿಯಬೇಡಿ, ಚೆಲ್ಲಿಬಿಡಿ. ಕಾಯಿಸಿದ ಹಾಲಿನಲ್ಲಿ ಈ ವಿಷಾಣು ಉಳಿಯುವುದಿಲ್ಲ, ಹಿಂದೆ ಕುಡಿದದ್ದಕ್ಕೆ ಗಾಬರಿಯಾಗಬೇಕಾಗಿಲ್ಲ. ಹಸಿ ಹಾಲು ಕುಡಿದವರು ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಸಣ್ಣ ಮಾತು. ಎಮ್ಮೆ ಈದ ಮೇಲೆ ಬಿದ್ದ ಮಾಸನ್ನು, ಕಂದು ಹಾಕಿದ ಕರುವನ್ನು ತಿಪ್ಪೆಗೆ ಒಗೆಯುತ್ತೀರಿ. ಊರ ನಾಯಿಗಳೆಲ್ಲ ನಿಮ್ಮ ಹಿತ್ತಲಿಗೆ ಬರುವುದು ಅದಕ್ಕೇ. ಅದನ್ನು ತಿಂದ ನಾಯಿ ಮೇವಿನ ಮೇಲೆ ಹೇತರೆ ನಿಯೋಸ್ಪೋರ ಎಂಬ ಸೂಕ್ಷ್ಮಜೀವಿ ಮೇವಿನಿಂದ ದನಕ್ಕೆ ಬಂದು ಐದಾರು ತಿಂಗಳ ಗಬ್ಬ ಹೋಗಬಹುದು. ಮಾಸನ್ನು ಮೊಣಕಾಲಾಳ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ. ಸುಣ್ಣದ ಜಾಗ ಅದು, ಗಾಯದ ಮೇಲಲ್ಲ. ಕಣಿಕೆಯ ಬಣವಿಗೂ ಗೋದಲಿಗೂ ನಾಯಿ ಏರದಂತೆ ಮುಳ್ಳು ಬಡಿಯಿರಿ. ನೆರೆಯವನ ನಾಯಿಯನ್ನು ನಮ್ಮ ಹಿತ್ತಲಿಗೆ ರೂಢಿ ಮಾಡಿದವರು ನಾವೇ ಆಗಿರಬಹುದು.

ಪ್ರಶ್ನೆ ಇದ್ದರೆ ಕೇಳಿ.

(ಒಬ್ಬ ಸದಸ್ಯರು: ನಾಯಿಗೆ ಲಸಿಕೆ ಆಗಿದ್ದರೆ ಕಚ್ಚಿಸಿಕೊಂಡವರಿಗೆ ಸೂಜಿ ಬೇಕಿಲ್ಲವೇ?)

ಲಸಿಕೆ ಯಾವಾಗ ಆಯಿತು, ಸರಿಯಾಗಿ ಆಯಿತೋ ಎಂಬುದು ನಮಗೆ ಗೊತ್ತಿರುವುದಿಲ್ಲ. ಆ ಕಾರ್ಡು ತೆಗೆದುಕೊಂಡು ಆಸ್ಪತ್ರೆಗೆ ಹೋಗಿ, ತೀರ್ಮಾನ ಅವರು ಮಾಡಲಿ. ಮನೆಯಲ್ಲಿ ಕುಳಿತು ನೀವು ಮಾಡಬೇಡಿ.

(ಇನ್ನೊಬ್ಬರು: ಹಲ್ಲು ಹತ್ತಿಲ್ಲ, ಉಗುರು ಮಾತ್ರ ಪರಚಿದೆ.)

ರಕ್ತ ಬರದೆ ಗೀರು ಬಿದ್ದರೂ ತೊಳೆದು ಲಸಿಕೆ ಹಾಕಿಸಿಕೊಳ್ಳಬೇಕು. ಹುಣ್ಣಿನ ಮೇಲೆ ನಾಯಿ ನೆಕ್ಕಿದ್ದರೂ ಹಾಗೆಯೇ.

ಅಗೋ, ಕಾರ್ಯದರ್ಶಿಯವರು ಬಂದರು. ಬನ್ನಿ ತಾಯಿ, ಮುಂದೆ ಬನ್ನಿ, ಆ ಕಾರ್ಡು ಇಲ್ಲಿ ಕೊಡಿ. ನಾಲ್ಕು ದಿನ ತಡವಾದರೂ ಸೂಜಿ ಹಾಕಿದ್ದಾರೆ, ಗಾಯದ ಸುತ್ತಲೂ ಔಷಧ ಹಾಕಿದ್ದಾರೆ. ಇವತ್ತಿನಿಂದಲೇ ಲೆಕ್ಕ, ಕಚ್ಚಿದ ದಿನದಿಂದಲ್ಲ. ಇವತ್ತು ಸೋಮವಾರ. ಎರಡನೆಯದು ಗುರುವಾರ, ಮೂರನೆಯದು ಮುಂದಿನ ಸೋಮವಾರ. ಉಳಿದ ದಿನಾಂಕ ಕಾರ್ಡಿನಲ್ಲಿ ಬರೆದಿದ್ದಾರೆ. ಗುರುವಾರ ಮುಂಜಾನೆ ಹಾಲು ಹಾಕಿ ಅಲ್ಲಿಂದಲೇ ಬಸ್ಸು ಹತ್ತಿ. ಸಂಜೆ ನಿಮ್ಮ ಬಾಜೂ ಮನೆಗೆ ನಾನೂ ಕಾರ್ಯದರ್ಶಿಯವರೂ ಬರುತ್ತೇವೆ, ನಾಯಿ ಹೇಗಿದೆ ನೋಡಬೇಕು. ಅದನ್ನು ಕಟ್ಟಿ ಇಟ್ಟಿರಲು ಅವರಿಗೆ ಹೇಳಿ. ನೀವೇ ಹೇಳಿದರೆ ಒಳ್ಳೆಯದು.